ಮಳೆಗಾಲದಲ್ಲಿ ಹಟ ಹಿಡಿದ ಯುವಿ ಸೆನ್ಸರ್

ಗಾಜಿನ ಚೂರಿನ ಮೇಲೆ ಝಿಂಕ್ ಆಕ್ಸೈಡ್‌ನ ನ್ಯಾನೋ ಕಡ್ಡಿಗಳನ್ನು (ಕಣ್ಣಿಗೆ ಕಾಣದಷ್ಟು ಸಣ್ಣ ಕಡ್ಡಿಗಳು) ಬೆಳೆಸಿ ಯುವಿ, ಅಂದರೆ ಅತಿನೇರಳೆ ಕಿರಣ, ಪತ್ತೆಹಚ್ಚುವ ಸೆನ್ಸರ್ ಮಾಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಮೊದಲು ಝಿಂಕ್ ಅಸಿಟೇಟ್‌ನ ತೆಳು ಪದರ. ಆಮೇಲೆ ಝಿಂಕ್ ನೈಟ್ರೇಟ್ ಮತ್ತು ಹೆಕ್ಸಮಿನ್ ಕರಗಿಸಿದ ನೀರಲ್ಲಿ, 90 ಡಿಗ್ರಿ ಬಿಸಿಯಲ್ಲಿ ಕೆಲವು ಗಂಟೆ. ಎರಡು ಕಡೆ ಸಿಲ್ವರ್ ಪೇಂಟ್ ಹಚ್ಚಿ ಮಲ್ಟಿಮೀಟರ್‌ಗೆ ಕೊಟ್ಟೆ. ನೋಟು ಪರೀಕ್ಷಿಸುವ 365 ನ್ಯಾನೋಮೀಟರ್ ಯುವಿ ಟಾರ್ಚ್ ಹಿಡಿದರೆ ಸಾಕು, ವಿದ್ಯುತ್ ರೋಧ ಸರ್ರನೆ ಇಳಿಯುತ್ತಿತ್ತು.

ಮಂಗಳೂರಿಗೆ ಮಳೆ ಹಿಡಿದ ಮೇಲೆ ಶುರುವಾಯ್ತು ಮಂಡೆಬಿಸಿ. ಕತ್ತಲಲ್ಲೇ ರೋಧ ಕಡಿಮೆ, ಟಾರ್ಚ್ ಹಿಡಿದರೂ ಜಾಸ್ತಿ ವ್ಯತ್ಯಾಸವಿಲ್ಲ. ಜಡಿಮಳೆಯ ಆಟಿ ತಿಂಗಳಲ್ಲಿ ಡಬ್ಬದಿಂದ ಹೊರಗಿಟ್ಟ ಹಪ್ಪಳದ ಕಥೆಯೇ ಇದು.

ಕಾರಣ ಇಷ್ಟೇ. ಗಾಳಿಯ ಆಮ್ಲಜನಕ ಕಡ್ಡಿಗಳ ಮೈಗೆ ಅಂಟಿ ಎಲೆಕ್ಟ್ರಾನ್‌ಗಳನ್ನು ಹಿಡಿದಿಡುತ್ತದೆ. ಹಾಗಾಗಿ ಕತ್ತಲಲ್ಲಿ ರೋಧ ಜಾಸ್ತಿ. ಯುವಿ ಬಿದ್ದಾಗ ಆಮ್ಲಜನಕ ಬಿಟ್ಟು ಹೋಗುತ್ತದೆ, ಎಲೆಕ್ಟ್ರಾನ್‌ಗಳು ಬಿಡುಗಡೆಯಾಗುತ್ತವೆ. ನೀರಾವಿ ಬಂದು ಆ ಜಾಗದಲ್ಲಿ ಕೂತರೆ ಆಟವೇ ಕೆಡುತ್ತದೆ.

ಅನುಮಾನ ಪರಿಹಾರಕ್ಕೆ ಸೆನ್ಸರನ್ನು ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬದಲ್ಲಿ ರಾತ್ರಿಯಿಡೀ ಇಟ್ಟೆ. ಬೆಳಗ್ಗೆ ರೋಧ ಮತ್ತೆ ಮೇಲೆ! ಕೊನೆಗೆ ಅದನ್ನೇ ಕಾಯಂ ಮಾಡಿದೆ: ಪುಟ್ಟ ಡಬ್ಬ, ಒಳಗೆ ಸಿಲಿಕಾ ಜೆಲ್, ಕಿಟಕಿಗೆ ತೆಳು ಪಾಲಿಥೀನ್ ಹಾಳೆ, ಅಂಚಿಗೆಲ್ಲ ಸಿಲಿಕೋನ್ ಅಂಟು. ಕಿಟಕಿಗೆ ಮಾಮೂಲಿ ಗಾಜು ಬೇಡ, ಅದು ಯುವಿ-ಬಿಯನ್ನು (ಯುವಿಯಲ್ಲೇ ಕಡಿಮೆ ತರಂಗಾಂತರದ ಒಂದು ಭಾಗ) ಬಹುತೇಕ ತಡೆಯುತ್ತದೆ. ಗಾಳಿ ಪೂರ್ತಿ ಹೀರಿ ತೆಗೆಯಲೂ ಬಾರದು, ಆಮ್ಲಜನಕ ಬೇಕಲ್ವಾ?

ಟಾರ್ಚ್ ಆರಿಸಿದ ಮೇಲೆ ರೋಧ ಹಳೆಯ ಮಟ್ಟಕ್ಕೆ ಬರಲು ಈಗಲೂ ಹೊತ್ತು ಹಿಡಿಯುತ್ತದೆ. ಅದು ಝಿಂಕ್ ಆಕ್ಸೈಡ್‌ನ ಗುಣ, ಡಬ್ಬಕ್ಕೆ ಬೈದು ಪ್ರಯೋಜನವಿಲ್ಲ.