ಭಾಷಾವಿಜ್ಞಾನ ಪದವಿಯ ನಂತರ: ವೃತ್ತಿಯ ದಾರಿ, ವಿದೇಶದ ಓದು

ಭಾಷಾವಿಜ್ಞಾನದಲ್ಲಿ ಪದವಿ ಮುಗಿಸಿದವರು ಮೊದಲು ಯೋಚಿಸುವುದು ಯಾವ ದೇಶಕ್ಕೆ ಹೋಗಬೇಕು ಎಂಬುದನ್ನು. ಅದಕ್ಕಿಂತ ಮುಂಚೆ, ದಿನವಿಡೀ ಯಾವ ಕೆಲಸ ಮಾಡಿದರೂ ತಮಗೆ ಬೇಸರವಾಗದು ಎಂಬುದನ್ನು ಕಂಡುಕೊಳ್ಳಬೇಕು. ಅದಕ್ಕೊಂದು ಸುಲಭದ ಪರೀಕ್ಷೆಯಿದೆ. ಮನೆಯ ಹಿರಿಯರೊಬ್ಬರ ಹತ್ತು ನಿಮಿಷದ ಮಾತನ್ನು ಧ್ವನಿಮುದ್ರಿಸಿಕೊಂಡು, ಉಚಿತವಾಗಿ ದೊರೆಯುವ ಎಲಾನ್ ತಂತ್ರಾಂಶದಲ್ಲಿ ಅದನ್ನು ಬಿಡಿಸಿ ಬರೆಯಿರಿ. ಧ್ವನಿಯನ್ನು ವಿಶ್ಲೇಷಿಸುವ ಪ್ರಾಟ್ ತಂತ್ರಾಂಶದಲ್ಲಿ ಅದರ ಸ್ವರಗಳ ಉದ್ದವನ್ನು ಅಳೆಯಿರಿ. ಬರೆಯುತ್ತ ಹೊತ್ತು ಹೋದದ್ದೇ ತಿಳಿಯದವರಿಗೆ ಕೊರಗ, ಕೊಡವದಂತಹ ಭಾಷೆಗಳ ದಾಖಲಾತಿ ಒಗ್ಗುತ್ತದೆ. ಇದನ್ನೆಲ್ಲ ಕಂಪ್ಯೂಟರೇ ಮಾಡುವಂತೆ ಪ್ರೋಗ್ರಾಂ ಬರೆಯಬೇಕೆನಿಸಿದವರು ಭಾಷಾ ತಂತ್ರಜ್ಞಾನದ ಕಡೆ ನೋಡಬಹುದು. ಒಂದೇ ವಾಕ್ಯದ ರಚನೆಯಲ್ಲಿ ಮನಸ್ಸು ಸಿಕ್ಕಿಕೊಂಡು ಮುಂದಕ್ಕೆ ಹೋಗದವರ ಜಾಗ ಸೈದ್ಧಾಂತಿಕ ಸಂಶೋಧನೆ.

ವಾಕ್‌ಚಿಕಿತ್ಸೆಯ ಬಗ್ಗೆ ತಪ್ಪು ಕಲ್ಪನೆ ಬೇಡ. ಭಾರತದಲ್ಲಿ ಅದು ಪ್ರತ್ಯೇಕ ವೃತ್ತಿಪರ ಪದವಿಯನ್ನೂ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯನ್ನೂ ಬೇಡುತ್ತದೆ. ಭಾಷಾವಿಜ್ಞಾನದ ಪದವಿಯೊಂದೇ ಸಾಲದು.

ಭಾಷಾ ತಂತ್ರಜ್ಞಾನಕ್ಕೆ ಜರ್ಮನಿಯ ಸಾರ್‌ಬ್ರುಕೆನ್ ಮತ್ತು ಸ್ಕಾಟ್ಲೆಂಡಿನ ಎಡಿನ್‌ಬರೋ ಹೆಸರಾದ ಊರುಗಳು. ಎಡಿನ್‌ಬರೋದಲ್ಲಿ ಸ್ನಾತಕೋತ್ತರ ಓದು ಒಂದೇ ವರ್ಷದಲ್ಲಿ ಮುಗಿಯುತ್ತದೆಯಾದರೂ ಬೋಧನಾ ಶುಲ್ಕ ದುಬಾರಿ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಟ್ಯೂಬಿಂಗೆನ್, ಸ್ಟುಟ್‌ಗಾರ್ಟ್‌ಗಳಿರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯವು 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತಿದೆ. ಇದಲ್ಲದೆ ವೀಸಾಕ್ಕಾಗಿ ಒಂದು ವರ್ಷದ ಖರ್ಚಿಗೆಂದು ಸುಮಾರು 12,000 ಯೂರೋಗಳನ್ನು ವಿಶೇಷ ಖಾತೆಯಲ್ಲಿ ತೋರಿಸಬೇಕು, ಪದವಿಯ ದಾಖಲೆಗಳು ಅಸಲಿಯೆಂದು ದೃಢಪಡಿಸುವ ಎಪಿಎಸ್ ಪ್ರಮಾಣಪತ್ರವನ್ನೂ ಪಡೆಯಬೇಕು. ಭಾಷೆ ಮತ್ತು ಮನಸ್ಸಿನ ಸಂಬಂಧ ಅರಿಯಬಯಸುವವರು ಮ್ಯಾಕ್ಸ್ ಪ್ಲಾಂಕ್ ಮನೋಭಾಷಾವಿಜ್ಞಾನ ಸಂಸ್ಥೆಯಿರುವ ನೆದರ್‌ಲೆಂಡ್ಸ್‌ನ ನೈಮೇಗನ್ ಊರನ್ನು ಗಮನಿಸಲಿ.

ಅಮೆರಿಕದ ಲೆಕ್ಕ ಬೇರೆ. ಅಲ್ಲಿ ಎಂ.ಎ.ಗೆ ಧನಸಹಾಯ ಸಿಗುವುದು ಅಪರೂಪ, ಪಿಎಚ್‌.ಡಿ.ಗೆ ಸೇರಿದವರಿಗೆ ಮಾತ್ರ ಉತ್ತಮ ವಿಭಾಗಗಳು ಸಾಮಾನ್ಯವಾಗಿ ಐದು ವರ್ಷ ಶುಲ್ಕ ವಿನಾಯಿತಿಯೊಂದಿಗೆ ವೇತನವನ್ನೂ ಕೊಡುತ್ತವೆ. ಆದ್ದರಿಂದ ಸಿದ್ಧಾಂತದಲ್ಲಿ ನಿಜವಾದ ಆಸಕ್ತಿಯಿರುವವರು ಸಾಲ ಮಾಡಿ ಅಲ್ಲಿ ಎಂ.ಎ. ಓದುವ ಬದಲು, ಇಲ್ಲಿಯೇ ಎಂ.ಎ. ಮುಗಿಸಿ ನೇರವಾಗಿ ಪಿಎಚ್‌.ಡಿ.ಗೆ ಅರ್ಜಿ ಹಾಕುವುದು ಮೇಲೆಂದು ನನ್ನ ದೃಢ ಅಭಿಪ್ರಾಯ. ನಡುವೆ ಒಂದು ವರ್ಷ ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆಯಂತಹ ಕಡೆ ಯೋಜನೆಯೊಂದರಲ್ಲಿ ದುಡಿಯುವ ಅವಕಾಶ ದೊರೆತರೆ ಆ ಅನುಭವ ಅರ್ಜಿಗೂ ತೂಕ ಕೊಡುತ್ತದೆ.

ಅರ್ಜಿಯಲ್ಲಿ ಅಂಕಪಟ್ಟಿಗಿಂತ ಹೆಚ್ಚಾಗಿ ಆಯ್ಕೆಗಾರರ ಮನಸ್ಸನ್ನು ಸೆಳೆಯುವುದು ಬರವಣಿಗೆಯ ಮಾದರಿ. ಅದರಲ್ಲಿ ಇಂಗ್ಲಿಷ್ ಉದಾಹರಣೆಗಳನ್ನೇ ಮತ್ತೆ ಅರೆಯುವುದಕ್ಕಿಂತ ನಿಮ್ಮ ಮನೆಮಾತನ್ನು ಮುಂದಿಡಿ. ‘ಮಕ್ಕಳಿಗೆ ಹಸಿವಾಗಿದೆ’ ಎಂಬ ವಾಕ್ಯವನ್ನೇ ನೋಡಿ: ಹಸಿದವರು ಮಕ್ಕಳು, ಆದರೆ ಕ್ರಿಯಾಪದ ಅವರನ್ನು ಅನುಸರಿಸದೆ ನಪುಂಸಕ ಏಕವಚನದಲ್ಲಿ ನಿಲ್ಲುತ್ತದೆ. ಇಂತಹ ಉದಾಹರಣೆಯನ್ನು ಮೂರು ಸಾಲಿನಲ್ಲಿ ಬರೆಯಿರಿ: ಮೊದಲ ಸಾಲಿನಲ್ಲಿ ರೋಮನ್ ಲಿಪಿಯಲ್ಲಿ ಪದಗಳನ್ನು ಮೂಲರೂಪ ಮತ್ತು ಪ್ರತ್ಯಯಗಳಾಗಿ ಒಡೆದು, ಎರಡನೆಯದರಲ್ಲಿ ಪ್ರತಿಯೊಂದು ತುಣುಕಿನ ಕೆಲಸ ಸೂಚಿಸಿ, ಮೂರನೆಯದರಲ್ಲಿ ಇಡೀ ವಾಕ್ಯದ ಅರ್ಥ ಕೊಟ್ಟರೆ ಕನ್ನಡವರಿಯದ ಪ್ರಾಧ್ಯಾಪಕರೂ ನಿಮ್ಮ ವಾದವನ್ನು ಒರೆಗೆ ಹಚ್ಚಬಲ್ಲರು. ಕನ್ನಡದ ಸಾಕ್ಷ್ಯಕ್ಕೆ ಹೊರಗೆ ಬೆಲೆಯಿದೆ. ಮಕ್ಕಳು ಕ್ರಿಯಾಪದದ ಅರ್ಥ ಊಹಿಸುವಾಗ (‘ಮಾಡಿಸು’ ಎಂಬಲ್ಲಿರುವಂತಹ) ‘ಇಸು’ ಪ್ರತ್ಯಯಕ್ಕಿಂತ ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದನ್ನೇ ನೆಚ್ಚುತ್ತಾರೆಂದು ಭಾಷಾವಿಜ್ಞಾನಿ ಜೆಫ್ರಿ ಲಿಡ್ಜ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದ್ದು ಕನ್ನಡ ಮಾತಾಡುವ ಮೂರು ವರ್ಷದ ಮಕ್ಕಳಿಂದಲೇ.

ಅಮೆರಿಕದ ಬಹುತೇಕ ಪಿಎಚ್‌.ಡಿ. ಅರ್ಜಿಗಳ ಗಡುವು ಡಿಸೆಂಬರ್ ಆಸುಪಾಸಿನಲ್ಲಿರುತ್ತದೆ. ಶಿಫಾರಸು ಪತ್ರ ಬರೆಯುವ ಅಧ್ಯಾಪಕರ ಕೈಗೆ ನಿಮ್ಮ ಮಾದರಿ ಬರಹ ಸೆಪ್ಟೆಂಬರಿನಲ್ಲೇ ತಲುಪಲಿ. ಅದನ್ನು ಓದಿ ಬರೆದ ಪತ್ರಕ್ಕೂ ಬರೀ ಹಾಜರಾತಿ ನೆನೆದು ಬರೆದ ಪತ್ರಕ್ಕೂ ಇರುವ ಅಂತರ ಆಯ್ಕೆ ಸಮಿತಿಗೆ ಮೊದಲ ಪುಟದಲ್ಲೇ ಕಾಣುತ್ತದೆ.