ಕಿನ್ನಾಳದ ಹುಣಸೆ ಬೀಜ ಮತ್ತು ಶಿಕ್ಷಕಿಯರ ತರಬೇತಿ

ಕೊಪ್ಪಳದಲ್ಲಿ ಪೂರ್ವ ಪ್ರಾಥಮಿಕ ಶಿಕ್ಷಕಿಯರಾಗಲು ಬರುವ ತರುಣಿಯರಿಗೆ ತರಬೇತಿ ನೀಡುವುದು ನನ್ನ ವೃತ್ತಿ. ಅವರಲ್ಲಿ ಹೆಚ್ಚಿನವರು ಪಿಯುಸಿ ಮುಗಿಸಿ ಬಂದವರು. ಕೆಲವರು ಈಗಾಗಲೇ ಅಂಗನವಾಡಿ ಕಾರ್ಯಕರ್ತೆಯರು. ಮಗುವಿನ ಪ್ರಶ್ನೆಯನ್ನು ಹಿಡಿದು ಕಲಿಕೆಯನ್ನು ಕಟ್ಟುವ ಬಗೆಯನ್ನು ಉಪನ್ಯಾಸದಿಂದ ಕಲಿಸಲಾಗದು, ಕಲಿಯುವವಳು ತಾನೇ ಒಂದು ಪ್ರಶ್ನೆಯ ಬೆನ್ನು ಹತ್ತಿ ಊರಿನಲ್ಲಿ ಅಲೆದಾಗಲೇ ಅದು ಮೈಗೂಡುತ್ತದೆ ಎಂಬ ನಂಬಿಕೆಯಿಂದ ತರಬೇತಿಯ ದೊಡ್ಡ ಪಾಲನ್ನು ನಾನು ಹಳ್ಳಿಗಳಲ್ಲೇ ನಡೆಸುತ್ತ ಬಂದಿದ್ದೇನೆ.

1975ರ ಅಕ್ಟೋಬರ್ 2ರಂದು ಆರಂಭವಾದ, ಅಂಗನವಾಡಿಗಳ ಮೂಲಕ ನಡೆಯುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣವೂ ಒಂದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 3ರಿಂದ 8 ವರ್ಷದವರೆಗಿನ ಕಲಿಕೆಯನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿತು. 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆಟವನ್ನು ಆ ಹಂತದ ನಡುವಿನಲ್ಲಿಟ್ಟಿತು. ಆದರೆ ಹಳ್ಳಿಯಲ್ಲಿ ತಾಯಂದಿರು ಕೇಳುವುದು "ಅಕ್ಷರ ಯಾವಾಗ ಬರಸ್ತೀರಿ ಟೀಚರ್?" ಎಂದು. ನಮ್ಮ ತರುಣಿಯರೂ ಅದೇ ನಿರೀಕ್ಷೆಯಲ್ಲಿ ಬೆಳೆದವರಾದ್ದರಿಂದ, ಪಾಠವೆಂದರೆ ಹೇಳಿಕೊಡುವುದು ಎಂಬ ಎಣಿಕೆ ಅವರಲ್ಲಿ ಗಟ್ಟಿಯಾಗಿಯೇ ಇರುತ್ತದೆ.

ಆದ್ದರಿಂದ ಮೊದಲ ಸುತ್ತಿನ ಊರಭೇಟಿಯಲ್ಲಿ ಚಾರ್ಟು, ಭಾಷಣ, ಜಾಗೃತಿ ಕಾರ್ಯಕ್ರಮ ಯಾವುದಕ್ಕೂ ನಾನು ಅವಕಾಶ ಕೊಡುವುದಿಲ್ಲ. ಒಂದು ಓಣಿಯನ್ನು ಆರಿಸಿಕೊಂಡು ಕಟ್ಟೆಯ ಮೇಲೆ ಕುಳಿತು, ಮಕ್ಕಳು ಏನನ್ನು ಮುಟ್ಟುತ್ತಾರೆ, ಯಾರನ್ನು ಏನು ಕೇಳುತ್ತಾರೆ, ಆ ಪ್ರಶ್ನೆಗೆ ಯಾರು ಹೇಗೆ ಉತ್ತರಿಸುತ್ತಾರೆ ಎಂಬುದನ್ನು ಮಕ್ಕಳ ಮಾತಿನಲ್ಲೇ ಬರೆದುಕೊಳ್ಳಬೇಕು. ಮನೆಗಳಿಗೆ ಹೋಗುವುದು ಸಂಜೆಯ ಮೇಲೆ, ಹೊಲದ ಕೆಲಸಕ್ಕೆ ಹೋದವರು ಮರಳಿದ ನಂತರ. ಗುಳೆ ಹೋಗುವ ಕುಟುಂಬಗಳು ನಮ್ಮ ಕಡೆ ಬಹಳ. ತಂದೆ ತಾಯಿ ಬೆಂಗಳೂರಿಗೋ ಗೋವಾಕ್ಕೋ ದುಡಿಯಲು ಹೋದಾಗ ಹಲವು ಮಕ್ಕಳನ್ನು ಅಜ್ಜಿಯರೇ ಸಾಕುತ್ತಾರೆ. ಪಾಲಕರ ಸಭೆಗೆ ತಾಯಿ ಬರಲಿಲ್ಲವೆಂದು ದೂರುವ ಶಿಕ್ಷಕಿಗೆ ಈ ಸಂಗತಿ ಮೊದಲೇ ತಿಳಿದಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಲ್ಲಿ ಒಂದು ಉದಾಹರಣೆಯನ್ನು ವಿವರವಾಗಿ ಹೇಳುತ್ತೇನೆ. ಕೊಪ್ಪಳಕ್ಕೆ ಹತ್ತಿರದ ಕಿನ್ನಾಳವು ಮರದ ಗೊಂಬೆಗಳಿಗೆ ಹೆಸರಾದ ಊರು. ಅಲ್ಲಿನ ಚಿತ್ರಗಾರರು ಗೋಣಿನಾರಿನ ಪುಡಿ, ಮರದ ಪುಡಿ, ಹುಣಸೆ ಬೀಜದ ಅಂಟು ಸೇರಿಸಿ 'ಕಿಟ್ಟ' ಮಾಡಿ, ಹಗುರ ಮರದ ಗೊಂಬೆಗೆ ಅದನ್ನು ಮೆತ್ತುತ್ತಾರೆ. ನಮ್ಮ ಒಂದು ತಂಡ ಅಂಗನವಾಡಿ ಮಕ್ಕಳನ್ನು ಅಂಥ ಮನೆಯೊಂದಕ್ಕೆ ಕರೆದೊಯ್ದಾಗ ಐದು ವರ್ಷದ ಹುಡುಗಿಯೊಬ್ಬಳು, "ಬೀಜ ಕಲ್ಲಿನಂಗ ಐತಿ, ಅದು ಹೆಂಗ ಅಂಟು ಆಗತೈತ್ರೀ ಟೀಚರ್?" ಎಂದು ಕೇಳಿದಳು. ತರಬೇತಿಯ ತರುಣಿ ನನ್ನತ್ತ ತಿರುಗಿ, "ಮೇಡಂ, ನನಗೂ ಗೊತ್ತಿಲ್ರೀ, ಏನ್ ಹೇಳ್ಲಿ?" ಎಂದಳು. ಗೊತ್ತಿರುವವರು ಊರಲ್ಲಿ ಯಾರಿದ್ದಾರೆಂದು ಮಕ್ಕಳನ್ನೇ ಕೇಳಲು ಹೇಳಿದೆ. ಮಕ್ಕಳು ತಡಮಾಡದೆ ಕಂಬಳಿ ನೇಯುವ ಮನೆಯ ಅಜ್ಜಿಯೊಬ್ಬರನ್ನು ತೋರಿಸಿದರು, ಏಕೆಂದರೆ ಕಂಬಳಿಗೂ ಅದೇ ಬೀಜದ ಗಂಜಿಯನ್ನು ಹಚ್ಚುತ್ತಾರೆ. ಆ ಅಜ್ಜಿ ಹೇಳಿದ್ದು ಇಷ್ಟು: "ಹಸೇದ ಕುಟ್ಟಿದ್ರ ಸಿಪ್ಪಿ ಬಿಡಂಗಿಲ್ಲವ್ವ. ಮೊದ್ಲ ಹುರಿಬೇಕು, ಆಮ್ಯಾಲೆ ನೆನಿಬೇಕು, ಬೀಸಿ ಕುದಿಸಿದ್ರನ ಅಂಟು."

ಮರುದಿನ ಅಂಗನವಾಡಿಯಲ್ಲಿ ಎರಡು ಬಟ್ಟಲುಗಳಲ್ಲಿ ಹಸಿ ಬೀಜವನ್ನೂ ಹುರಿದ ಬೀಜವನ್ನೂ ಬೇರೆ ಬೇರೆಯಾಗಿ ನೆನೆಹಾಕಿದರು. ಯಾವುದರ ಸಿಪ್ಪೆ ಮೊದಲು ಬಿಡುತ್ತದೆ ಎಂದು ಮಕ್ಕಳು ಮೊದಲೇ ಊಹಿಸಿದರು, ದಿನವೂ ಮುಟ್ಟಿ ನೋಡಿದರು, ಕಂಡದ್ದನ್ನು ಚಿತ್ರ ಬರೆದರು. ಹುರಿಯುವುದು, ಕುದಿಸುವುದು ದೊಡ್ಡವರ ಕೈಯಲ್ಲೇ ನಡೆಯಿತು. ಮೂರು ವರ್ಷದವರ ಕೈಗೆ ಬೀಜ ಕೊಡಲಿಲ್ಲ. ಆ ವಯಸ್ಸಿನವರು ಮೂಗಿಗೆ, ಬಾಯಿಗೆ ಹಾಕಿಕೊಳ್ಳುವ ಅಪಾಯವಿರುವುದರಿಂದ ಅವರಿಗೆ ದೊಡ್ಡ ಗೊಂಬೆಗಳನ್ನೇ ಕೊಟ್ಟೆವು.

ಊರಿನಿಂದ ಮರಳಿದ ಮೇಲೆ ತರುಣಿಯರು ಬರೆದು ತಂದ ಪ್ರಶ್ನೆಗಳನ್ನು ಎಲ್ಲರೂ ಕೂಡಿ ಓದುತ್ತೇವೆ. ಹೇಳಿಬಿಡಬಹುದಾದ ಪ್ರಶ್ನೆ ಯಾವುದು, ಮಕ್ಕಳೇ ಮಾಡಿ ನೋಡಬಹುದಾದದ್ದು ಯಾವುದು, ಊರಿನ ಒಬ್ಬ ವ್ಯಕ್ತಿಯ ಬಳಿಗೆ ಒಯ್ಯಬೇಕಾದದ್ದು ಯಾವುದು ಎಂದು ಬೇರ್ಪಡಿಸುವ ಈ ಚರ್ಚೆಗೆ ನಾನು ಅತಿ ಹೆಚ್ಚು ಸಮಯ ಕೊಡುತ್ತೇನೆ, ಏಕೆಂದರೆ ಶಿಕ್ಷಕಿಯ ವಿವೇಚನೆ ಬೆಳೆಯುವುದು ಅಲ್ಲಿಯೇ. ಇದು ಹೊಸದಾಗಿ ಹೊಳೆದ ದಾರಿಯೇನಲ್ಲ. ಶಿಶು ಶಿಕ್ಷಣತಜ್ಞೆ ತಾರಾಬಾಯಿ ಮೋಡಕ್ ಅವರು 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಗ್ರಾಮೀಣ ಬಾಲಶಿಕ್ಷಣಕ್ಕೆ ತೊಡಗಿದಾಗ ದುಬಾರಿ ಸಾಧನಗಳ ಬದಲು ಊರಲ್ಲಿ ಸಿಗುವ ವಸ್ತುಗಳನ್ನೇ ಕಲಿಕೆಗೆ ಬಳಸಿದ್ದರು.

ಅಂಗನವಾಡಿಯ ಬಾಲವಿಕಾಸ ಸಮಿತಿಯ ಸದಸ್ಯರೂ ಬಂದಿದ್ದ ತಾಯಂದಿರ ಸಭೆಯಲ್ಲಿ, "ಇದರಾಗ ಅಕ್ಷರ ಎಲ್ಲೈತ್ರೀ?" ಎಂಬ ಪ್ರಶ್ನೆ ಬಂದೇ ಬಂತು. ತರುಣಿ ಮಕ್ಕಳ ಚಿತ್ರಗಳನ್ನು ಹಾಸಿ, ಹುರಿಯುವುದರಿಂದ ಕುದಿಸುವವರೆಗಿನ ಕ್ರಮವನ್ನು ಆ ಹುಡುಗಿಯ ಬಾಯಿಂದಲೇ ಹೇಳಿಸಿದಳು. ಕ್ರಮವಾಗಿ ಹೇಳಬಲ್ಲ ನಾಲಿಗೆಗೆ ಓದು, ಬೀಜ ಹೆಕ್ಕಿ ಪಳಗಿದ ಬೆರಳಿಗೆ ಬರಹ ಸುಲಭವಾಗುತ್ತದೆ ಎಂದು ವಿವರಿಸಿದಳು. ಎಲ್ಲರೂ ಒಪ್ಪಿದರೆಂದು ನಾನು ಹೇಳಲಾರೆ, ಆದರೆ ಕೇಳಿದ ತಾಯಿ ಆ ಚಿತ್ರಗಳನ್ನು ಒಂದೊಂದಾಗಿ ನೋಡಿದರು.

ಮುಂದಿನ ತಂಡವನ್ನು ಗಂಗಾವತಿ ಕಡೆಯ ಭತ್ತದ ಊರುಗಳಿಗೆ ಕಳುಹಿಸಲಿದ್ದೇನೆ. ನಾಟಿಯ ಕಾಲದಲ್ಲಿ ತಾಯಂದಿರು ಮನೆಯಲ್ಲಿ ಸಿಗುವುದಿಲ್ಲವಾದ್ದರಿಂದ, ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಗದ್ದೆಯ ಬದುವಿಗೇ ಹೋಗಿ ಮಾತಾಡಿಸಬೇಕೆಂದು ತರುಣಿಯರು ತಾವೇ ತೀರ್ಮಾನಿಸಿದ್ದಾರೆ.