ಎರಡು ಬಕೆಟ್ ನೀರಿನಲ್ಲಿ ಬೈಕ್ ತೊಳೆಯುವುದು ಹೇಗೆ?

ಬೆಂಗಳೂರಿನಲ್ಲಿ ಬೈಕ್ ತೊಳೆಯಲು ಹೊರಟವರು ಶಾಂಪೂ, ಪಾಲಿಶ್‌ಗಳಿಗಿಂತ ಮೊದಲು ನೀರಿನ ಬಗ್ಗೆ ಯೋಚಿಸಬೇಕು. ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ಜಲಮಂಡಳಿಯು 2024ರ ಮಾರ್ಚ್‌ನಲ್ಲಿ, ಮತ್ತೆ 2025ರ ಫೆಬ್ರುವರಿಯಲ್ಲಿ ಆದೇಶ ಹೊರಡಿಸಿ ನಿಷೇಧಿಸಿತು. ಮೀರಿದವರಿಗೆ 5,000 ರೂಪಾಯಿ ದಂಡವನ್ನೂ ಗೊತ್ತುಪಡಿಸಿತು. ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ಮೇಲೆತ್ತಿ ತರುವ ಕಾವೇರಿ ನೀರನ್ನು ಪೈಪ್ ಹಿಡಿದು ಬೈಕಿನ ಮೇಲೆ ಹರಿಸುವುದು ದಂಡವಿಲ್ಲದಿದ್ದರೂ ತಪ್ಪೇ. ಹಿಡಿದಿಟ್ಟ ಮಳೆನೀರು ಈ ಕೆಲಸಕ್ಕೆ ಎಲ್ಲಕ್ಕಿಂತ ಉತ್ತಮ. ಅದರಲ್ಲಿ ಲವಣಾಂಶ ತೀರಾ ಕಡಿಮೆ. ಕುಡಿಯುವ ನೀರು ಶುದ್ಧೀಕರಿಸುವ ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು ಅಥವಾ ಬೋರ್‌ವೆಲ್ ನೀರನ್ನು ಬಳಸಬಹುದಾದರೂ ಅದು ಗಡಸಾಗಿರುವುದರಿಂದ ಬಿಸಿಲಿನಲ್ಲಿ ತಾನಾಗಿ ಆರಲು ಬಿಟ್ಟರೆ ಟ್ಯಾಂಕಿನ ಮೇಲೆ ಸುಣ್ಣದಂಥ ಬಿಳಿ ಚುಕ್ಕೆಗಳು ಕೂರುತ್ತವೆ. ಆದ್ದರಿಂದ ಬೆಳಗಿನ ಹೊತ್ತು, ನೆರಳಿರುವ ಕಡೆ ತೊಳೆದು ಕೂಡಲೇ ಒರೆಸಬೇಕು.

ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ. ಸೈಲೆನ್ಸರಿನ ಬಾಯಿಗೆ ಪ್ಲಾಸ್ಟಿಕ್ ಚೀಲ ಹಾಕಿ ರಬ್ಬರ್ ಬ್ಯಾಂಡ್ ಬಿಗಿಯಿರಿ, ಬೀಗದ ಕೀಲಿ ರಂಧ್ರಕ್ಕೆ ಟೇಪ್ ಅಂಟಿಸಿ.

ಇನ್ನು ಮುಖ್ಯವಾದ ಹಂತ ನೆನೆಸುವುದು. ನಮ್ಮ ರಸ್ತೆಗಳ ದೂಳಿನಲ್ಲಿ ಮರಳು, ಸಿಮೆಂಟ್ ಪುಡಿ ಬೆರೆತಿರುತ್ತದೆ. ಆಫೀಸಿಗೆ ಹೊರಡುವ ಅವಸರದಲ್ಲಿ ಸೀಟಿನಡಿಯ ಒಣ ಬಟ್ಟೆ ತೆಗೆದು ಟ್ಯಾಂಕ್ ಒರೆಸುವ ಅಭ್ಯಾಸ ಬಹಳ ಮಂದಿಗಿದೆ. ಆಗ ಆ ಬಟ್ಟೆ ಉಪ್ಪು ಕಾಗದದಂತೆ ಕೆಲಸ ಮಾಡುತ್ತದೆ. ಕಪ್ಪು ಬಣ್ಣದ ಟ್ಯಾಂಕೊಂದನ್ನು ಇಳಿಬಿಸಿಲಿನಲ್ಲಿ ಓರೆಯಾಗಿ ನೋಡಿದರೆ ಜೇಡರ ಬಲೆಯಂತೆ ಸುತ್ತು ಸುತ್ತಾಗಿ ಕಾಣುವ ಸಣ್ಣ ಗೀರುಗಳು ಹೀಗೆ ಮೂಡಿದವು. ಹಾಗಾಗಿ ಮೊದಲು ಮಗ್‌ನಿಂದ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ನೀರು ಸುರಿದು, ಐದು ನಿಮಿಷ ಬಿಟ್ಟು, ಮತ್ತೊಮ್ಮೆ ಸುರಿಯಿರಿ. ಸಡಿಲವಾದ ದೂಳು ಕೈ ಮುಟ್ಟದೆಯೇ ಇಳಿದುಹೋಗುತ್ತದೆ. ಮರದಡಿ ನಿಲ್ಲಿಸಿದಾಗ ಬಿದ್ದ ಹಕ್ಕಿಯ ಹಿಕ್ಕೆ ಬಣ್ಣವನ್ನೇ ತಿನ್ನುವುದರಿಂದ ಅದರ ಮೇಲೆ ಒದ್ದೆ ಬಟ್ಟೆ ಹಾಸಿ, ಮೆತ್ತಗಾದ ಮೇಲೆ ಎತ್ತಿ ತೆಗೆಯಬೇಕೇ ಹೊರತು ಕೆರೆಯಬಾರದು. ಆಯುಧಪೂಜೆಯ ಕುಂಕುಮವನ್ನೂ ವಾರಗಟ್ಟಲೆ ಬಿಡದೆ ಮರುದಿನವೇ ಒದ್ದೆ ಬಟ್ಟೆಯಲ್ಲಿ ತೆಗೆದರೆ ಕಲೆ ನಿಲ್ಲುವುದಿಲ್ಲ.

ಎರಡು ಬಕೆಟ್‌ಗಳಲ್ಲಿ ಒಂದಕ್ಕೆ ವಾಹನದ ಶಾಂಪೂ ಬೆರೆಸಿ, ಇನ್ನೊಂದರಲ್ಲಿ ಬರಿ ನೀರಿರಲಿ. ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ದ್ರವ ಬೇಡ. ಅವು ಜಿಡ್ಡಿನ ಜೊತೆಗೆ ಬಣ್ಣದ ಮೇಲಿನ ವ್ಯಾಕ್ಸ್ ಪದರವನ್ನೂ ಕಿತ್ತುಹಾಕುತ್ತವೆ. ಪ್ರತಿ ಭಾಗ ಉಜ್ಜಿದ ನಂತರ ಬಟ್ಟೆಯನ್ನು ಬರಿ ನೀರಿನಲ್ಲಿ ಜಾಲಿಸಿ ಹಿಂಡಿದ ಮೇಲೆಯೇ ಮತ್ತೆ ಶಾಂಪೂ ನೀರಿಗೆ ಅದ್ದಿ. ಟ್ಯಾಂಕ್, ಪಕ್ಕದ ಪ್ಯಾನೆಲ್, ಮಡ್‌ಗಾರ್ಡ್ ಮುಗಿದ ಬಳಿಕ ಚಕ್ರಗಳಿಗೆ ಬೇರೆ ಬಟ್ಟೆ ಹಿಡಿಯಿರಿ. ಒತ್ತಡದ ನೀರಿನ ಯಂತ್ರ ಮನೆಯಲ್ಲಿದ್ದರೂ ಅದನ್ನು ಚಕ್ರದ ಬೇರಿಂಗ್, ಫೋರ್ಕ್ ಸೀಲ್ (ಮುಂದಿನ ಶಾಕ್ ಅಬ್ಸಾರ್ಬರ್ ಕೊಳವೆಗಳ ರಬ್ಬರ್ ಸೀಲ್), ಚೈನ್‌ಗಳತ್ತ ತಿರುಗಿಸಬೇಡಿ. ಒಳಗೆ ನುಗ್ಗಿದ ನೀರು ಗ್ರೀಸನ್ನು ಕೆಡಿಸುತ್ತದೆ.

ಹೆಚ್ಚಿನವರು ನೋಡದ ಜಾಗವೊಂದಿದೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆದರೆ, ಅನೇಕ ಬೈಕ್‌ಗಳಲ್ಲಿ ಅದರ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ತೂತು ಕಾಣುತ್ತದೆ. ಮುಚ್ಚಳದ ಸುತ್ತ ನಿಂತ ನೀರು ಇದರ ಮೂಲಕ ಕೆಳಗಿನ ಕೊಳವೆಗೆ ಹೋಗುತ್ತದೆ. ಇದರಲ್ಲಿ ದೂಳು ಕಟ್ಟಿಕೊಂಡರೆ ಮಳೆನೀರು ಟ್ಯಾಂಕಿನೊಳಗೇ ಇಳಿಯಬಹುದು. ಎಥನಾಲ್ ಬೆರೆತ ಇಂದಿನ ಪೆಟ್ರೋಲಿಗೆ ನೀರು ಸೇರಿದರೆ ಎಥನಾಲ್ ನೀರಿನೊಂದಿಗೆ ಬೇರ್ಪಟ್ಟು ತಳ ಸೇರುತ್ತದೆ, ಬೈಕ್ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಮಳೆಗಾಲಕ್ಕೆ ಮುನ್ನ ತೆಳುವಾದ ನೈಲಾನ್ ದಾರ ತೂರಿಸಿ ಈ ತೂತನ್ನು ಬಿಡಿಸಿಕೊಳ್ಳುವುದು ಇಡೀ ತೊಳೆಯುವ ಕೆಲಸದಲ್ಲಿ ನಾನು ಅತಿ ಮುಖ್ಯವೆಂದು ಭಾವಿಸುವ ಎರಡು ನಿಮಿಷ.

ಉಳಿದ ನೀರಿನಿಂದ ನೊರೆ ಇಳಿಸಿ, ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ಒರೆಸಿ. ಹೊಳಪಿನ ಬಣ್ಣಕ್ಕೆ ತೆಳುವಾಗಿ ವ್ಯಾಕ್ಸ್ ಹಚ್ಚಬಹುದು. ಮ್ಯಾಟ್ ಬಣ್ಣಕ್ಕೆ ವ್ಯಾಕ್ಸ್, ಪಾಲಿಶ್ ಎರಡೂ ಸಲ್ಲ, ಅಲ್ಲಲ್ಲಿ ಹೊಳೆಯುವ ತೇಪೆಗಳು ಉಳಿದುಬಿಡುತ್ತವೆ.

ಚೈನ್‌ಗೆ ಹಳೆಯ ಬನಿಯನ್ ತುಂಡು, ಮೃದುವಾದ ಬ್ರಷ್, ಚೈನ್ ಕ್ಲೀನರ್ ಸಾಕು. ಪೆಟ್ರೋಲ್ ಬಳಸಿದರೆ ಕೊಂಡಿಗಳ ನಡುವಿನ ರಬ್ಬರ್ ಉಂಗುರಗಳು ಹಾಳಾಗುತ್ತವೆ. ಎಂಜಿನ್ ಆಫ್ ಮಾಡಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಹಿಂದಿನ ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು. ಗೇರಿನಲ್ಲಿ ತಿರುಗುವ ಚಕ್ರದ ಚೈನ್ ಒರೆಸಲು ಹೋಗಿ ಬೆರಳು ಕಳೆದುಕೊಂಡವರಿದ್ದಾರೆ. ಚೈನ್ ಒಣಗಿದ ಮೇಲೆ ಒಳಬದಿಗೆ ಲೂಬ್ (ಚೈನ್ ಸವೆಯದಂತೆ ಹಾಕುವ ಎಣ್ಣೆ) ಹಾಕಿ, ಹೆಚ್ಚಾದುದನ್ನು ಒರೆಸಿ. ಲೂಬ್ ಆಗಲಿ, ವ್ಯಾಕ್ಸ್ ಆಗಲಿ ಬ್ರೇಕ್ ಡಿಸ್ಕ್‌ಗೆ, ಟೈರ್ ನೆಲ ಮುಟ್ಟುವ ಭಾಗಕ್ಕೆ ತಾಗಬಾರದು.

ಸೈಲೆನ್ಸರಿನ ಚೀಲ, ಕೀಲಿ ರಂಧ್ರದ ಟೇಪ್ ತೆಗೆದು ಬೈಕ್ ಸ್ಟಾರ್ಟ್ ಮಾಡಿ. ಒದ್ದೆ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ, ಮುಖ್ಯರಸ್ತೆಗೆ ಇಳಿಯುವ ಮುನ್ನ ಮನೆಯ ಮುಂದಿನ ಬೀದಿಯಲ್ಲೇ ನಿಧಾನವಾಗಿ ಎರಡು ಸುತ್ತು ಓಡಿಸಿ, ಎರಡೂ ಬ್ರೇಕ್‌ಗಳನ್ನು ಮೆಲ್ಲಗೆ ಹಿಡಿದು ಬಿಟ್ಟು ಒಣಗಿಸಿಕೊಳ್ಳಿ.